ಎಂಟು ರಾಷ್ಟ್ರಗಳ ಕಿರೀಟ, ಒಂದು ದಂಡಿನ ಕಥೆ

1930ರಲ್ಲಿ ಉರುಗ್ವೆಯ ರಾಜಧಾನಿಯಾದ ಮಾಂಟೆವಿಡಿಯೋ ನಗರದಲ್ಲಿ ಮೊದಲ್ಗೊಂಡು 2022ರಲ್ಲಿ ಕತಾರಿನಲ್ಲಿ ನಡೆದುದರ ವರೆಗೆ, ಕಾಲ್ಚೆಂಡಿನ ವಿಶ್ವಕಪ್ ಸ್ಪರ್ಧೆಯು 22 ಸಲ ಜರುಗಿದೆ. ಭೂಮಂಡಲದ ಇನ್ನೂರಕ್ಕೂ ಮಿಕ್ಕ ದೇಶಗಳು ಆಡುವ ಈ ಆಟದಲ್ಲಿ, ಆ 22 ಕಿರೀಟಗಳನ್ನು ತಮ್ಮೊಳಗೆ ಹಂಚಿಕೊಂಡಿರುವ ರಾಷ್ಟ್ರಗಳು ಎಂಟು ಮಾತ್ರ: ಬ್ರೆಜಿಲ್ 5 ಸಲ, ಜರ್ಮನಿ ಮತ್ತು ಇಟಲಿ ನಾಲ್ಕು ನಾಲ್ಕು ಸಲ, ಅರ್ಜೆಂಟೀನಾ 3 ಸಲ, ಉರುಗ್ವೆ ಮತ್ತು ಫ್ರಾನ್ಸ್ ಎರಡೆರಡು ಸಲ, ಇಂಗ್ಲೆಂಡ್ ಮತ್ತು ಸ್ಪೇನ್ ಒಂದೊಂದು ಸಲ. ಏಷ್ಯಾ ಮತ್ತು ಆಫ್ರಿಕಾ ಖಂಡಗಳ ಯಾವ ದೇಶವೂ ಈ ತೊಂಬತ್ತೆರಡು ವರ್ಷಗಳಲ್ಲಿ ಅಂತಿಮ ಪಂದ್ಯದ ಅಂಗಳವನ್ನೇ ಮೆಟ್ಟಲಿಲ್ಲ. ಸಾಮ್ರಾಜ್ಯಗಳು ಅಳಿದು, ಗಡಿಗಳು ಬದಲಾಗಿ, ಹೊಸ ರಾಷ್ಟ್ರಗಳು ನೂರರ ಲೆಕ್ಕದಲ್ಲಿ ಉದಯಿಸಿದ ಒಂದು ಶತಮಾನದಲ್ಲಿ, ಆಟದ ಈ ಸಿಂಹಾಸನವು ಮಾತ್ರ ಇಷ್ಟು ಕೆಲವೇ ಮನೆತನಗಳ ಸೊತ್ತಾಗಿ ಉಳಿದುದಕ್ಕೆ ಕಾರಣವೇನೆಂಬುದು ವಿಚಾರಯೋಗ್ಯವಾದ ಪ್ರಶ್ನೆ.

ಪುಣೆಯ ವಿಮಾನ ನಗರದಲ್ಲಿ ಕುಳಿತು ಈ ಪ್ರಶ್ನೆಯನ್ನು ಆಲೋಚಿಸುವವನಿಗೆ ಒಂದು ಅನುಕೂಲವುಂಟು. ಲೋಹಗಾವ್ ವಿಮಾನ ನಿಲ್ದಾಣದ ಮಗ್ಗುಲಲ್ಲಿ ಬೆಳೆದ ಈ ಬಡಾವಣೆಗೆ ವಿದ್ಯಾಭ್ಯಾಸಕ್ಕಾಗಿಯೂ ಉದ್ಯೋಗಕ್ಕಾಗಿಯೂ ದೇಶದ ಎಲ್ಲ ಮೂಲೆಗಳಿಂದ ತರುಣರು ಬಂದು ನೆಲಸಿದ್ದಾರೆ. ವಿಶ್ವಕಪ್ಪಿನ ಋತು ಬಂದಿತೆಂದರೆ ಬ್ರೆಜಿಲಿನ ಹಳದಿ ಅಂಗಿಯೂ ಅರ್ಜೆಂಟೀನಾದ ನೀಲಿ-ಬಿಳಿ ಪಟ್ಟೆಯ ಅಂಗಿಯೂ ಇಲ್ಲಿಯ ಬೀದಿಗಳಲ್ಲಿ ಕಾಣಿಸಿಕೊಳ್ಳುತ್ತವೆ. ಆದರೆ ಉರುಗ್ವೆಯ ಅಂಗಿಯನ್ನು ತೊಟ್ಟವರು ಅಪರೂಪ. ಹೀಗಿದ್ದರೂ ಪುಣೆಯವರಾದ ನಾವು ಎಲ್ಲಕ್ಕಿಂತ ಮೊದಲು ಅಧ್ಯಯನ ಮಾಡಬೇಕಾದ ದೇಶವು ಅದೇ. 2011ರ ಜನಗಣತಿಯ ಪ್ರಕಾರ ಪುಣೆ ಮಹಾನಗರಪಾಲಿಕೆಯ ಜನಸಂಖ್ಯೆ ಸುಮಾರು 31 ಲಕ್ಷ. ಅದೇ ವರ್ಷ ಉರುಗ್ವೆಯಲ್ಲಿ ನಡೆದ ಜನಗಣತಿಯಂತೆ ಆ ಇಡೀ ದೇಶದ ಜನಸಂಖ್ಯೆ ಸುಮಾರು 33 ಲಕ್ಷ. ಅಂದರೆ, ಒಂದು ಪುಣೆಯಷ್ಟು ಜನರಿರುವ ದೇಶವು 1924 ಮತ್ತು 1928ರ ಒಲಿಂಪಿಕ್ ಸ್ವರ್ಣಗಳನ್ನೂ 1930 ಮತ್ತು 1950ರ ವಿಶ್ವಕಪ್ಪುಗಳನ್ನೂ ಗೆದ್ದಿತು. ನೂರು ಕೋಟಿಯನ್ನು ಮೀರಿದ ಚೀನಾ ಮತ್ತು ಭಾರತಗಳು ಕಿರೀಟದ ಹತ್ತಿರಕ್ಕೂ ಬರಲಿಲ್ಲ. ಜನಬಾಹುಳ್ಯವೇ ಗೆಲುವಿನ ಮೂಲವೆಂಬ ವಾದವು ಇಲ್ಲಿಗೆ ಬಿದ್ದುಹೋಯಿತು. ಸಂಪತ್ತೇ ಮೂಲವೆಂದರೆ ಅಮೆರಿಕಾ ಮತ್ತು ಜಪಾನುಗಳು ಎಂದೋ ಗೆದ್ದಿರಬೇಕಾಗಿತ್ತು. ರಕ್ತಗುಣ, ದೇಹದಾರ್ಢ್ಯ ಎಂಬ ಮಾತುಗಳನ್ನಂತೂ, ಇಟಲಿಯವನಿಗೂ ಬ್ರೆಜಿಲಿನವನಿಗೂ ಜರ್ಮನಿಯವನಿಗೂ ಸಮಾನವಾದ ರಕ್ತ ಯಾವುದೆಂದು ಕೇಳಿದ ಕೂಡಲೇ ಕೈಬಿಡಬೇಕಾಗುತ್ತದೆ.

ಉರುಗ್ವೆಗೆ ಈ ಆಟವು ಬಂದುದು ಆಂಗ್ಲರ ರೈಲುಮಾರ್ಗದ ಜೊತೆಗೆ. ಮಾಂಟೆವಿಡಿಯೋದ ಹೊರವಲಯದಲ್ಲಿ ರೈಲ್ವೆ ಕಾರ್ಖಾನೆಯಿದ್ದ ಪೆನ್ಯರೋಲ್ ಎಂಬ ಹಳ್ಳಿಯಲ್ಲಿ 1891ರಲ್ಲಿ ರೈಲ್ವೆ ನೌಕರರು ಕ್ರಿಕೆಟ್ಟಿಗೆಂದು ಒಂದು ಸಂಘವನ್ನು ಕಟ್ಟಿಕೊಂಡರು. ಸ್ವಲ್ಪ ಕಾಲದಲ್ಲಿಯೇ ಆ ಸಂಘದಲ್ಲಿ ಕ್ರಿಕೆಟ್ಟಿಗಿಂತ ಕಾಲ್ಚೆಂಡು ಮುಖ್ಯವಾಯಿತು, ಆಂಗ್ಲರಿಗಿಂತ ಸ್ಥಳೀಯರು ಹೆಚ್ಚಾದರು, ಕೊನೆಗೆ ಸಂಘಕ್ಕೆ ಹಳ್ಳಿಯ ಹೆಸರೇ ನಿಂತಿತು. ಯುರೋಪಿನಿಂದ ವಲಸೆ ಬಂದವರ ಮಕ್ಕಳೂ ದಾಸ್ಯದಿಂದ ಬಿಡುಗಡೆ ಹೊಂದಿದ ಕರಿಯರ ಮಕ್ಕಳೂ ಒಂದೇ ತಂಡದಲ್ಲಿ ಆಡತೊಡಗಿದರು. 1924ರಲ್ಲಿ ಪ್ಯಾರಿಸಿನ ಜನರನ್ನು ಬೆರಗುಗೊಳಿಸಿದ ಹೊಸೆ ಲಿಯಾಂದ್ರೊ ಆಂದ್ರಾದೆ ಅಂಥವರಲ್ಲಿ ಒಬ್ಬ. ಇದರಲ್ಲಿ ಗಮನಿಸಬೇಕಾದ ಅಂಶವೆಂದರೆ, ಅಲ್ಲಿ ಆಟವು ಒಮ್ಮೆ ಬೇರೂರಿದ ಮೇಲೆ ಅದರ ಎಳೆ ಎಲ್ಲಿಯೂ ಕಡಿಯಲಿಲ್ಲ. ತಂದೆಯು ಆಡಿದ ಸಂಘದಲ್ಲಿ ಮಗನು ಆಡಿದನು, ಮಗನಿಗೆ ಕಲಿಸಿದ ಗುರುವು ತಾನೂ ಒಂದು ಕಾಲದಲ್ಲಿ ಅದೇ ಕೇರಿಯ ಆಟಗಾರನಾಗಿದ್ದನು, ಹತ್ತು ವರ್ಷದ ಹುಡುಗನಿಗೂ ವಾರ ವಾರವೂ ಆಡಲು ಪಂದ್ಯವಿದ್ದಿತು. ಈ ಅವಿಚ್ಛಿನ್ನತೆಯೇ ಎಂಟು ರಾಷ್ಟ್ರಗಳಿಗೂ ಸಾಮಾನ್ಯವಾದ ಏಕೈಕ ಗುಣವೆಂದು ನನ್ನ ದೃಢವಾದ ಅಭಿಪ್ರಾಯ. ಅದಕ್ಕೆ ನಮ್ಮ ನಾಡಿನಲ್ಲಿಯೇ ಒಂದು ಸಾಕ್ಷ್ಯವುಂಟು.

ಆ ಸಾಕ್ಷ್ಯವೆಂದರೆ ಬೆಂಗಳೂರಿನ ದಂಡು.

1809ರಲ್ಲಿ ಹಲಸೂರಿನ ಆಸುಪಾಸಿನಲ್ಲಿ ಆಂಗ್ಲರು ಸ್ಥಾಪಿಸಿದ ಸೇನಾನೆಲೆಗೆ ನಗರದ ಜನ ದಂಡು ಎಂಬ ಹೆಸರನ್ನಿಟ್ಟರು. ಸೈನ್ಯದ ಸೇವೆಗೆಂದು ಬಂದ ತಮಿಳರು, ಉರ್ದು ಮಾತಿನ ಮುಸಲ್ಮಾನರು, ತೆಲುಗರು, ಆಂಗ್ಲೋ-ಇಂಡಿಯನ್ನರು ಕೂಲಿಯವರಾಗಿಯೂ ಕುಶಲಕರ್ಮಿಗಳಾಗಿಯೂ ವರ್ತಕರಾಗಿಯೂ ಅದರ ಸುತ್ತಲೂ ನೆಲಸಿದರು. ಶಿವಾಜಿನಗರ, ಹಲಸೂರು, ಮರ್ಫಿ ಟೌನ್, ಆಸ್ಟಿನ್ ಟೌನ್, ಗೌತಮಪುರ ಮೊದಲಾದ ಒತ್ತೊತ್ತಾದ ವಸತಿಗಳು ಬೆಳೆದವು. ಗೋರಾ ರೆಜಿಮೆಂಟಿನ ಸಿಪಾಯಿಗಳು ಸಂಜೆಯ ಹೊತ್ತು ಬೂಟು ಹಾಕಿಕೊಂಡು ಆಡುತ್ತಿದ್ದುದನ್ನು ಮೈದಾನದ ಅಂಚಿನಲ್ಲಿ ನಿಂತು ನೋಡಿದ ಹುಡುಗರು, ಚೆಂಡಿಗೆ ಕಾಸಿಲ್ಲದಿದ್ದರೂ ಕಾಲಿಗೆ ಬೂಟಿಲ್ಲದಿದ್ದರೂ ಆಟವನ್ನು ತಮ್ಮ ಓಣಿಗಳಿಗೆ ಕೊಂಡೊಯ್ದರು. ಪೆನ್ಯರೋಲಿನಲ್ಲಿ ರೈಲ್ವೆಯು ಮಾಡಿದ ಕಾರ್ಯವನ್ನು ಇಲ್ಲಿ ರೆಜಿಮೆಂಟು ಮಾಡಿತು.

ಈ ಓಣಿಗಳ ಫಲವು ಮೊದಲು ಕಾಣಿಸಿಕೊಂಡುದು ಮುಂಬಯಿಯಲ್ಲಿ. ಅಲ್ಲಿ 1891ರಿಂದ ನಡೆದುಬಂದಿದ್ದ ರೋವರ್ಸ್ ಕಪ್ ಪಂದ್ಯಾವಳಿಯನ್ನು ನಾಲ್ಕು ದಶಕಗಳಿಗೂ ಮೀರಿದ ಕಾಲ ಆಂಗ್ಲ ಸೇನಾ ತಂಡಗಳೇ ತಮ್ಮದನ್ನಾಗಿ ಮಾಡಿಕೊಂಡಿದ್ದವು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಎಂಬ ತಂಡವು, ಕಲ್ಕತ್ತೆಯಲ್ಲಿ ಅಜೇಯವೆನಿಸಿದ್ದ ಮಹಮ್ಮಡನ್ ಸ್ಪೋರ್ಟಿಂಗನ್ನು ಅಂತಿಮ ಪಂದ್ಯದಲ್ಲಿ ಸೋಲಿಸಿ, ಆ ಕಪ್ಪನ್ನು ಗೆದ್ದ ಮೊತ್ತಮೊದಲ ಭಾರತೀಯ ನಾಗರಿಕ ತಂಡವೆನಿಸಿತು. ಮರುವರ್ಷ 1938ರಲ್ಲಿ ಪುನಃ ಗೆದ್ದು, ಹಿಂದಿನ ಜಯವು ಆಕಸ್ಮಿಕವಲ್ಲವೆಂದು ತೋರಿಸಿತು. ಬೆಂಗಳೂರಿನಿಂದ ಹೊರಟು ಹರಿಹರ, ಹುಬ್ಬಳ್ಳಿ, ಬೆಳಗಾವಿ, ಮಿರಜುಗಳ ಮೂಲಕ ಪುಣೆಗೆ ಬಂದು ಮುಟ್ಟುತ್ತಿದ್ದ ಮೀಟರ್ ಗೇಜ್ ರೈಲು ಆ ಕಾಲದಲ್ಲಿ ಕನ್ನಡ ನಾಡಿನಿಂದ ಮುಂಬಯಿಗೆ ಬರುವವರ ಹೆದ್ದಾರಿಯಾಗಿದ್ದಿತು. ಆ ಹಳಿಗಳ ಕೊನೆಯ ನಗರದಲ್ಲಿ ವಾಸಿಸುವ ಕನ್ನಡಿಗನಿಗೆ ಈ ಗೆಲುವಿನ ನೆನಪು ಇಷ್ಟು ಮಸುಕಾಗಿರುವುದು ದುಃಖದ ಸಂಗತಿ.

ಸ್ವಾತಂತ್ರ್ಯದ ಹೊತ್ತಿಗೆ ದಂಡಿನ ಆಟವು ಮೈಸೂರು ಸಂಸ್ಥಾನದ ಆಟವಾಗಿ ಪರಿಣಮಿಸಿತ್ತು. 1941ರಲ್ಲಿ ಆರಂಭವಾದ ಸಂತೋಷ್ ಟ್ರೋಫಿಯು ಪ್ರಾಂತ್ಯ ಪ್ರಾಂತ್ಯಗಳ ನಡುವಣ ರಾಷ್ಟ್ರೀಯ ಸ್ಪರ್ಧೆ. ಅದರಲ್ಲಿ ಬಂಗಾಳವು ಇಂದಿನವರೆಗೆ ಮೂವತ್ತಕ್ಕೂ ಮಿಕ್ಕಿ ಸಲ ಗೆದ್ದಿದೆಯೆಂದರೆ, ಜಗತ್ತಿಗೆ ಎಂಟು ರಾಷ್ಟ್ರಗಳು ಹೇಗೋ ಭಾರತಕ್ಕೆ ಬಂಗಾಳವು ಹಾಗೆ ಎನ್ನಬೇಕು. ಅಂತಹ ಬಂಗಾಳವನ್ನು ಅಂತಿಮ ಪಂದ್ಯದಲ್ಲಿಯೇ ಎದುರಿಸಿ ಮೈಸೂರು ತಂಡವು ನಾಲ್ಕು ಸಲ ಪರಾಭವಗೊಳಿಸಿತು: 1946-47ರಲ್ಲಿ, 1952-53ರಲ್ಲಿ, 1967-68ರಲ್ಲಿ, 1968-69ರಲ್ಲಿ. ಇವುಗಳಲ್ಲಿ ಮೂರು ಬೆಂಗಳೂರಿನಲ್ಲಿ ನಡೆದವು. ಉಳಿದೊಂದನ್ನು, ಅಂದರೆ 1967-68ರದನ್ನು, ತವರಿನ ಪ್ರೇಕ್ಷಕರ ಆಸರೆಯಿಲ್ಲದ ಕಟಕದಲ್ಲಿ ಗೆದ್ದುದು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ಗೆಲುವು.

ಇನ್ನು ರಾಷ್ಟ್ರದ ತಂಡದ ವಿಷಯ. 1948ರ ಜುಲೈ 31ರಂದು ಲಂಡನ್ ಒಲಿಂಪಿಕ್ಸಿನಲ್ಲಿ, ಇಲ್ಫರ್ಡಿನ ಕ್ರಿಕಲ್‌ಫೀಲ್ಡ್ ಮೈದಾನದಲ್ಲಿ, ಸ್ವತಂತ್ರ ಭಾರತದ ತಂಡವು ತನ್ನ ಪ್ರಥಮ ಅಂತರರಾಷ್ಟ್ರೀಯ ಪಂದ್ಯವನ್ನು ಫ್ರಾನ್ಸಿನ ಎದುರು ಆಡಿತು. ಬಹುಪಾಲು ಆಟಗಾರರ ಕಾಲಿನಲ್ಲಿ ಬೂಟುಗಳಿರಲಿಲ್ಲ. ಎರಡು ಪೆನಾಲ್ಟಿಗಳು ವ್ಯರ್ಥವಾದವು. ಆದರೂ ಪಂದ್ಯ ಮುಗಿಯಲು ಒಂದೆರಡು ನಿಮಿಷವಿರುವ ತನಕ ಸಮಬಲವಿದ್ದು, ಕೊನೆಗೆ 1-2ರಿಂದ ಭಾರತ ಸೋತಿತು. ಆ ಒಂದು ಗೋಲನ್ನು ಹೊಡೆದವನು ಬೆಂಗಳೂರಿನ ಸಾರಂಗಪಾಣಿ ರಾಮನ್. ಸ್ವತಂತ್ರ ರಾಷ್ಟ್ರದ ಮೊದಲ ಗೋಲು ನಮ್ಮ ದಂಡಿನ ಊರಿನವನ ಕಾಲಿನಿಂದ ಹೊರಟಿತೆಂಬುದನ್ನು ನಮ್ಮ ಶಾಲೆಯ ಮಕ್ಕಳಿಗೆ ಯಾರೂ ಹೇಳಿಕೊಡುವುದಿಲ್ಲ. ಅದೇ ತಂಡದಲ್ಲಿದ್ದ ಅಹಮದ್ ಖಾನ್ ಮತ್ತು ಧನರಾಜ್ ಇಬ್ಬರೂ ಬೆಂಗಳೂರಿನವರೇ. ಅಹಮದ್ ಖಾನನ ಪಾದದಲ್ಲಿ ಚೆಂಡು ನಿಲ್ಲುತ್ತಿದ್ದ ರೀತಿಯನ್ನು ಕಂಡು ಜನ ಅವನನ್ನು ಹಾವಾಡಿಗನೆಂದು ಕರೆದರು. 1951ರಲ್ಲಿ ದಿಲ್ಲಿಯ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಇರಾನನ್ನು 1-0ಯಿಂದ ಮಣಿಸಿ ಸ್ವರ್ಣವನ್ನು ಗೆದ್ದ ತಂಡದಲ್ಲಿ ಅವನಿದ್ದನು. 1952ರ ಹೆಲ್ಸಿಂಕಿಯಲ್ಲಿ ಕೊರೆಯುವ ಚಳಿಯಲ್ಲಿ ಬರಿಗಾಲಿನ ಭಾರತವು ಯುಗೋಸ್ಲಾವಿಯಕ್ಕೆ 1-10ರಿಂದ ಸೋತ ದಿನ ಆ ಏಕಮಾತ್ರ ಗೋಲನ್ನು ಹೊಡೆದವನೂ ಅವನೇ. 1956ರಲ್ಲಿ ಮೆಲ್ಬರ್ನಿನಲ್ಲಿ ಭಾರತವು ಆಸ್ಟ್ರೇಲಿಯವನ್ನು 4-2ರಿಂದ ಗೆದ್ದು ನಾಲ್ಕನೆಯ ಸ್ಥಾನವನ್ನು ಪಡೆದಾಗ ಮೈಸೂರು ರಾಜ್ಯದ ಕೆಂಪಯ್ಯನು ತಂಡದಲ್ಲಿದ್ದನು. 1962ರಲ್ಲಿ ಜಕಾರ್ತದಲ್ಲಿ ದಕ್ಷಿಣ ಕೊರಿಯವನ್ನು 2-1ರಿಂದ ಸೋಲಿಸಿ ಏಷ್ಯಾದ ಚಾಂಪಿಯನ್ನರಾದವರಲ್ಲಿ ಬೆಂಗಳೂರಿನ ಅರುಮೈನಾಯಗಂ ಇದ್ದನು. ಹದಿನೈದು ವರ್ಷಗಳ ಈ ಅವಧಿಯಲ್ಲಿ ಒಂದೇ ಊರಿನ ಕೆಲವೇ ಕೇರಿಗಳು ರಾಷ್ಟ್ರಕ್ಕೆ ಇಷ್ಟು ಜನರನ್ನು ಕೊಟ್ಟವು.

ಆದರೆ ಈ ಹೆಸರುಗಳನ್ನು ಮತ್ತೊಮ್ಮೆ ನೋಡಿದರೆ ಅವನತಿಯ ಬೀಜವೂ ಇಲ್ಲಿಯೇ ಕಾಣುತ್ತದೆ. ಅಹಮದ್ ಖಾನನು 1949ರಲ್ಲಿ ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡವನ್ನು ಸೇರಿ, ಧನರಾಜ್, ವೆಂಕಟೇಶ್, ಅಪ್ಪಾರಾವ್, ಸಾಲೆಯವರೊಡನೆ ಪಂಚಪಾಂಡವರೆಂಬ ಕೀರ್ತಿಯನ್ನು ಪಡೆದನು. ಆ ಐವರ ಬಲದಿಂದ ಈಸ್ಟ್ ಬೆಂಗಾಲ್ 1949ರಿಂದ 1951ರ ವರೆಗೆ ಸತತವಾಗಿ ಮೂರು ವರ್ಷ ಐ.ಎಫ್.ಎ. ಶೀಲ್ಡನ್ನು ಗೆದ್ದಿತು. ಕೆಂಪಯ್ಯನೂ ಅರುಮೈನಾಯಗಂನೂ ಮೋಹನ್ ಬಾಗಾನಿಗೆ ಹೋದರು. ಅವರು ಹೋದುದು ತಪ್ಪಲ್ಲ. ಅನ್ನವೂ ಗೌರವವೂ ಅಲ್ಲಿದ್ದವು. ಕಲ್ಕತ್ತೆಯಲ್ಲಿ ಸಂಘಗಳಿದ್ದವು, ಸಂಘಗಳಿಗೆ ಸದಸ್ಯರಿದ್ದರು, ವರ್ಷವಿಡೀ ನಡೆಯುವ ಲೀಗ್ ಇದ್ದಿತು, ಟಿಕೇಟು ಕೊಂಡು ಬರುವ ಸಾವಿರಾರು ಜನರಿದ್ದರು. ಬೆಂಗಳೂರಿನಲ್ಲಿ ಪ್ರತಿಭೆಯಿದ್ದಿತು, ಅದನ್ನು ಊರಿನಲ್ಲಿಯೇ ಹಿಡಿದಿಟ್ಟುಕೊಳ್ಳುವ ಸಂಸ್ಥೆಯಿರಲಿಲ್ಲ. ಬೀಜದ ಗದ್ದೆಯಲ್ಲಿ ಮೊಳೆತ ಸಸಿಗಳೆಲ್ಲವೂ ಪರರ ಗದ್ದೆಗೆ ನಾಟಿಯಾದಂತೆ, ನಮ್ಮ ಆಟಗಾರರ ಫಸಲನ್ನು ಬಂಗಾಳವು ಕೊಯ್ದುಕೊಂಡಿತು.

ಆ ಕೊರತೆಯನ್ನು ಸ್ವಲ್ಪ ಕಾಲ ತುಂಬಿಕೊಟ್ಟವು ಸಾರ್ವಜನಿಕ ಕಾರ್ಖಾನೆಗಳು. ಎಚ್.ಎ.ಎಲ್., ಐ.ಟಿ.ಐ. ಮೊದಲಾದ ಉದ್ಯಮಗಳು ಆಟಗಾರನಿಗೆ ನೌಕರಿಯನ್ನು ಕೊಟ್ಟು, ಸಂಜೆ ಅಭ್ಯಾಸಕ್ಕೆ ಬಿಡುವು ಕೊಟ್ಟು, ಮೊಣಕಾಲು ಸೋತ ಮೇಲೆಯೂ ಅವನ ಸಂಸಾರವು ನಿಶ್ಚಿಂತೆಯಿಂದ ನಡೆಯುವಂತೆ ಮಾಡಿದವು. ಬಡವರ ಮನೆಯ ತಾಯಿಯು ತನ್ನ ಮಗನನ್ನು ಮೈದಾನಕ್ಕೆ ಕಳುಹಿಸುವುದಕ್ಕೆ ಇದಕ್ಕಿಂತ ಪ್ರಬಲವಾದ ಕಾರಣ ಬೇರೊಂದಿಲ್ಲ. 1977ರಲ್ಲಿ ಎರ್ನಾಕುಲಂನಲ್ಲಿ ನಡೆದ ಮೊದಲ ಫೆಡರೇಷನ್ ಕಪ್ಪನ್ನು, ಮೋಹನ್ ಬಾಗಾನನ್ನು 1-0ಯಿಂದ ಸೋಲಿಸಿ ಗೆದ್ದುಕೊಂಡುದು ಬೆಂಗಳೂರಿನ ಐ.ಟಿ.ಐ. ತಂಡ. ಟೆಲಿಫೋನುಗಳನ್ನು ತಯಾರಿಸುವ ಕಾರ್ಖಾನೆಯ ನೌಕರರು ದೇಶದ ಅತ್ಯಂತ ಪ್ರಖ್ಯಾತ ಸಂಘವನ್ನು ಮಣಿಸಿದರು. ಕಾರ್ಖಾನೆಗಳ ಏಳಿಗೆ ಕುಗ್ಗಿ ಕ್ರೀಡಾಪಟುಗಳ ನೇಮಕ ಕ್ಷೀಣಿಸಿದ ಬಳಿಕ, 1983ರ ವಿಶ್ವಕಪ್ ಜಯದಿಂದ ಕ್ರಿಕೆಟ್ಟು ಎಲ್ಲರ ಕಣ್ಣನ್ನು ಸೆಳೆದುಕೊಂಡ ಬಳಿಕ, ಬೆಳೆಯುವ ನಗರವು ಬಯಲುಗಳನ್ನು ನುಂಗಿದ ಬಳಿಕ, ಸರಪಣಿಯ ಕೊಂಡಿಗಳು ಒಂದೊಂದಾಗಿ ಸಡಿಲಿದವು. 1997ರ ಸಾರ್ಕ್ ರಾಷ್ಟ್ರಗಳ ಸ್ಪರ್ಧೆಯನ್ನು ಗೆದ್ದ ಭಾರತ ತಂಡದ ನಾಯಕ, ಬೆಂಗಳೂರಿನ ಕಾರ್ಲ್‌ಟನ್ ಚಾಪ್‌ಮನ್ ತನ್ನ ವಿದ್ಯೆಯನ್ನು ಪೂರ್ಣಗೊಳಿಸಿಕೊಂಡುದು ಜಮ್‌ಶೇಡ್‌ಪುರದ ಟಾಟಾ ಅಕಾಡೆಮಿಯಲ್ಲಿ. 1969ರ ಅನಂತರ ಸಂತೋಷ್ ಟ್ರೋಫಿಯು 54 ವರ್ಷ ನಮ್ಮ ರಾಜ್ಯದ ಕಡೆಗೆ ತಿರುಗಿ ನೋಡಲಿಲ್ಲ.

ಇಂತಹ ವಿಚ್ಛೇದವು ಬಲಿಷ್ಠ ರಾಷ್ಟ್ರಗಳನ್ನೂ ಬಿಟ್ಟಿಲ್ಲ. 1953ರಲ್ಲಿ ವೆಂಬ್ಲಿಯಲ್ಲಿ ಇಂಗ್ಲೆಂಡನ್ನು 6-3ರಿಂದ ಸೋಲಿಸಿ, ಮರುವರ್ಷ ಬರ್ನ್ ನಗರದ ಅಂತಿಮ ಪಂದ್ಯದಲ್ಲಿ ಜರ್ಮನಿಗೆ 2-3ರಿಂದ ಸೋತ ಹಂಗೇರಿಯು ಆ ಕಾಲದ ಅತ್ಯುತ್ತಮ ತಂಡವಾಗಿದ್ದಿತೆಂಬುದರಲ್ಲಿ ಸಂಶಯವಿಲ್ಲ. 1956ರ ದಂಗೆಯ ಕಾಲದಲ್ಲಿ ಪುಷ್ಕಾಷ್, ಕೊಚಿಷ್, ಸಿಬೋರರು ವಿದೇಶದಲ್ಲಿಯೇ ಉಳಿದರು. ಗುರುಶಿಷ್ಯರ ಎಳೆ ಕಡಿಯಿತು. 1986ರ ಅನಂತರ 2022ರ ವರೆಗೆ ಹಂಗೇರಿಯು ಒಂದು ವಿಶ್ವಕಪ್ಪಿಗೂ ಅರ್ಹತೆಯನ್ನು ಪಡೆಯಲಿಲ್ಲ. ಇದಕ್ಕೆ ಪ್ರತಿಯಾಗಿ ಜರ್ಮನಿಯು, 2000ದ ಯುರೋಪಿಯನ್ ಸ್ಪರ್ಧೆಯಲ್ಲಿ ಮೊದಲ ಸುತ್ತಿನಲ್ಲಿಯೇ ಹೊರಬಿದ್ದಾಗ, ತನ್ನ ಉನ್ನತ ಸಂಘಗಳೆಲ್ಲವೂ ಬಾಲಕರ ತರಬೇತಿ ಕೇಂದ್ರಗಳನ್ನು ಕಡ್ಡಾಯವಾಗಿ ನಡೆಸಬೇಕೆಂದು ವಿಧಿಸಿ, ಸಡಿಲಿದ ಕೊಂಡಿಗಳನ್ನು ಬಿಗಿಗೊಳಿಸಿತು. ಆ ಕೇಂದ್ರಗಳ ಹುಡುಗರೇ 2014ರಲ್ಲಿ ವಿಶ್ವಕಪ್ಪನ್ನು ಎತ್ತಿದರು. ಹಳೆಯ ಮನೆತನಗಳೂ ಸೋಲುತ್ತವೆ. ಆದರೆ ಸೋತ ಮೇಲೆ ಹಿಂದಿರುಗಿ ಹೋಗಲು ಅವಕ್ಕೆ ಒಂದು ಮನೆಯಿರುತ್ತದೆ.

ಪುಣೆಯ ಅನುಭವವನ್ನೂ ಇಲ್ಲಿ ಹೇಳಲೇಬೇಕು. 1817ರ ಖಡಕಿ ಯುದ್ಧದ ಅನಂತರ ಇಲ್ಲಿಯೂ ದಂಡುಗಳು ನೆಲೆಗೊಂಡವು, ಇಲ್ಲಿಯೂ ಗೋರಾ ಸಿಪಾಯಿಗಳು ಚೆಂಡನ್ನು ಒದ್ದರು. ಹಾಗಾದರೆ ಬೆಂಗಳೂರಿನಂತೆ ಪುಣೆಯೇಕೆ ಒಲಿಂಪಿಕ್ ಆಟಗಾರರ ತೊಟ್ಟಿಲಾಗಲಿಲ್ಲ? ನನಗೆ ತೋರುವಂತೆ, ಇಲ್ಲಿಯ ನಾಗರಿಕ ಸಮಾಜವು ತನ್ನ ಕ್ರೀಡಾಭಿಮಾನವನ್ನು ಬೇರೆಡೆಗೆ ತಿರುಗಿಸಿತು; 1906ರಲ್ಲಿ ಸ್ಥಾಪಿತವಾದ ಡೆಕ್ಕನ್ ಜಿಮ್‌ಖಾನಾದಂತಹ ಸಂಸ್ಥೆಗಳಲ್ಲಿ ಖೋ-ಖೋ, ಕ್ರಿಕೆಟ್, ಟೆನ್ನಿಸುಗಳು ಬೆಳೆದವು, ಪೇಟೆಗಳ ತಾಲೀಮು ಮನೆಗಳಲ್ಲಿ ಕುಸ್ತಿ ಬೆಳೆಯಿತು, ಕಾಲ್ಚೆಂಡು ಮಾತ್ರ ದಂಡಿನ ಬೇಲಿಯೊಳಗೇ ಉಳಿಯಿತು. ಈ ಶತಮಾನದಲ್ಲಿ ಹಣವು ಬಂದಿತು. 2007ರಲ್ಲಿ ಹುಟ್ಟಿದ ಪುಣೆ ಎಫ್.ಸಿ. 2012-13ರ ಐ-ಲೀಗಿನಲ್ಲಿ ಎರಡನೆಯ ಸ್ಥಾನಕ್ಕೆ ಏರಿತು, ಅದರ ಕಿರಿಯರ ತಂಡವು ರಾಷ್ಟ್ರೀಯ ಪ್ರಶಸ್ತಿಗಳನ್ನು ಗೆದ್ದಿತು. 2014ರಲ್ಲಿ ಇಂಡಿಯನ್ ಸೂಪರ್ ಲೀಗಿಗೆ ಎಫ್.ಸಿ. ಪುಣೆ ಸಿಟಿ ಬಂದಿತು, 2015-16ರಲ್ಲಿ ಡಿ.ಎಸ್.ಕೆ. ಶಿವಾಜಿಯನ್ಸ್ ಐ-ಲೀಗನ್ನು ಪ್ರವೇಶಿಸಿತು. ಬಾಳೇವಾಡಿಯ ಕ್ರೀಡಾಂಗಣಕ್ಕೆ ಹೋಗಿ ಇವುಗಳ ಆಟವನ್ನು ಅಭಿಮಾನದಿಂದ ನೋಡಿದವರು ಬಹುಮಂದಿ. 2019ರ ಹೊತ್ತಿಗೆ ಈ ಮೂರೂ ರಾಷ್ಟ್ರೀಯ ಲೀಗುಗಳಿಂದ ಕಣ್ಮರೆಯಾಗಿದ್ದವು. ಹನ್ನೆರಡು ವರ್ಷದ ಹುಡುಗನು ಇಪ್ಪತ್ತೆರಡು ವರ್ಷದ ಆಟಗಾರನಾಗಲು ಹತ್ತು ವರ್ಷ ಬೇಕು. ಅಷ್ಟು ಕಾಲ ಬಾಳದ ಸಂಘವು, ಎಷ್ಟೇ ಸಂಪನ್ನವಾಗಿದ್ದರೂ, ತಾನು ಕೈಹಿಡಿದ ಹುಡುಗನನ್ನು ನಡುದಾರಿಯಲ್ಲಿ ಬಿಟ್ಟಂತೆಯೇ ಸರಿ. ವಿಮಾನ ನಗರದ ಬಾಲಕನು ಇಂದು ಬ್ರೆಜಿಲಿನ ಅಂಗಿಯನ್ನು ತೊಡುವುದಕ್ಕೆ, ತೊಡಲು ತನ್ನ ಊರಿನ ಅಂಗಿಯೊಂದು ಉಳಿದಿಲ್ಲವೆಂಬುದೂ ಕಾರಣ.

ಬೆಂಗಳೂರಿನ ದೀಪವು ಮಾತ್ರ ಪೂರ್ತಿಯಾಗಿ ಆರಲಿಲ್ಲ. ಗೌತಮಪುರದ ಜನ ತಮ್ಮ ಕೇರಿಯನ್ನು ಮಿನಿ ಬ್ರೆಜಿಲ್ ಎಂದು ಕರೆದುಕೊಳ್ಳುತ್ತಾರೆ. ಅಲ್ಲಿ ಬುದ್ಧ, ಅಂಬೇಡ್ಕರ್ ಮತ್ತು ಮದರ್ ತೆರೇಸಾರ ಪ್ರತಿಮೆಗಳ ಜೊತೆಯಲ್ಲಿ ಪೆಲೆಯ ಪ್ರತಿಮೆಯನ್ನೂ ನಿಲ್ಲಿಸಿ ಗೌರವಿಸಿದ್ದಾರೆ. 2013ರಲ್ಲಿ ಸ್ಥಾಪಿತವಾದ ಬೆಂಗಳೂರು ಎಫ್.ಸಿ. ತನ್ನ ಮೊದಲ ಋತುವಿನಲ್ಲಿಯೇ ಐ-ಲೀಗನ್ನು ಗೆದ್ದು, 2016ರಲ್ಲಿ ಏಷ್ಯಾದ ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯವನ್ನು ಮುಟ್ಟಿದ ಪ್ರಥಮ ಭಾರತೀಯ ಸಂಘವಾಯಿತು. 2023ರ ಮಾರ್ಚ್ 4ರಂದು ಸೌದಿ ಅರೇಬಿಯದ ರಿಯಾದಿನಲ್ಲಿ, ರವಿಬಾಬು ರಾಜು ಅವರ ಶಿಕ್ಷಣದಲ್ಲಿ ಪಳಗಿದ ಕರ್ನಾಟಕ ತಂಡವು ಮೇಘಾಲಯವನ್ನು 3-2ರಿಂದ ಸೋಲಿಸಿ, ಕರ್ನಾಟಕವೆಂಬ ಹೆಸರಿನಲ್ಲಿ ಮೊದಲ ಸಲ ಸಂತೋಷ್ ಟ್ರೋಫಿಯನ್ನು ಎತ್ತಿತು.

ಕೊನೆಗೊಂದು ಪ್ರಾರ್ಥನೆ. ಸಾರಂಗಪಾಣಿ ರಾಮನ್, ಅಹಮದ್ ಖಾನ್, ಧನರಾಜ್, ಕೆಂಪಯ್ಯರನ್ನು ಕುರಿತು ಕನ್ನಡದಲ್ಲಿ ಓದಲು ಸಿಗುವುದು ಅತ್ಯಲ್ಪ. ಅಹಮದ್ ಖಾನ್ 2017ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. 1968-69ರ ಅಂತಿಮ ಪಂದ್ಯವನ್ನು ಕಣ್ಣಾರೆ ಕಂಡ ಹಿರಿಯರು ಆಸ್ಟಿನ್ ಟೌನ್, ಮರ್ಫಿ ಟೌನ್, ಶಿವಾಜಿನಗರಗಳಲ್ಲಿ ಇನ್ನೂ ಇದ್ದಾರೆ. ಅವರ ನೆರೆಯಲ್ಲಿರುವ ಓದುಗರು ತಡಮಾಡದೆ ಅವರ ಬಳಿಗೆ ಹೋಗಿ, ಅವರು ಹೇಳುವುದನ್ನು ಬರೆದಿಟ್ಟುಕೊಳ್ಳಬೇಕು, ಮತ್ತು ಆ ಕೇರಿಯ ಹುಡುಗರನ್ನು ಕೇಳಲು ಜೊತೆಯಲ್ಲಿ ಕರೆದುಕೊಂಡು ಹೋಗಬೇಕು.